ಥಾನಿನ ಕೋಣೆಯಲ್ಲಿ ಓಡಿದ ದನಗಳು

ನಾನು ಮೊದಲು ಕಂಡ ಚಲಿಸುವ ಚಿತ್ರದಲ್ಲಿ ಎಮ್ಮೆಗಳು ಕಾಲು ಮೇಲಾಗಿ ನಡೆಯುತ್ತಿದ್ದವು. ಹೊಳೆನರಸೀಪುರದ ಪೇಟೆಬೀದಿಯಲ್ಲಿದ್ದ ನಮ್ಮ ಮನೆಗೆ ಮುಂದೆ ಜವಳಿ ಅಂಗಡಿ, ಹಿಂದೆ ವಾಸ. ಎರಡರ ನಡುವೆ, ಪಕ್ಕದ ಓಣಿಗೆ ಬಾಗಿಲಿದ್ದ ಒಂದು ಕತ್ತಲೆ ಕೋಣೆ. ಬಿಸಿಲು ಬಿದ್ದರೆ ಬಣ್ಣ ಹೋಗುತ್ತದೆಂದು ಬಟ್ಟೆಯ ಥಾನುಗಳನ್ನು ಅಲ್ಲಿ ಒಟ್ಟುತ್ತಿದ್ದುದರಿಂದ ಅದಕ್ಕೆ ಥಾನಿನ ಕೋಣೆ ಎಂದೇ ಹೆಸರು. ಓಣಿಯ ಕಡೆಯ ಬಾಗಿಲನ್ನು ಯಾರೂ ತೆಗೆಯುತ್ತಿರಲಿಲ್ಲ. ಅದರ ಹಲಗೆಯಲ್ಲಿ ಮರದ ಗಂಟೊಂದು ಉದುರಿ ಕಡಲೆಕಾಳಿನಷ್ಟು ತೂತಾಗಿತ್ತು. ಓಣಿಗೆ ಬಿಸಿಲು ಬಂದ ಹೊತ್ತಿನಲ್ಲಿ ಒಳಗೆ ಕದ ಹಾಕಿಕೊಂಡು ಕೂತರೆ, ಹೊರಗೆ ಹೋಗುವುದೆಲ್ಲ ಎದುರು ಗೋಡೆಯ ಸುಣ್ಣದ ಮೇಲೆ ತಲೆಕೆಳಗಾಗಿ ಮೂಡುತ್ತಿತ್ತು. ಹೊಳೆಗೆ ಹೊರಟ ಎಮ್ಮೆಗಳು, ಕೊಡ ಹೊತ್ತ ಹೆಂಗಸರು, ಎಲೆಕಟ್ಟು ಮಾರುವವನ ಕೆಂಪು ರುಮಾಲು, ಎಲ್ಲವೂ ಬಣ್ಣ ಸಮೇತ ಹೋಗುತ್ತಿದ್ದವು. ಅವನ್ನು ನೆಟ್ಟಗೆ ನೋಡಬೇಕೆಂದು ನಾನೂ ತಮ್ಮ ಮಹದೇವನೂ ಗೋಡೆಗೆ ಕಾಲು ಕೊಟ್ಟು ತಲೆ ಕೆಳಗೆ ಮಾಡಲು ಹೋಗಿ, ಥಾನುಗಳ ಮೇಲೆ ಉರುಳಿ ಬೈಸಿಕೊಂಡದ್ದುಂಟು.

ಆ ತೂತನ್ನು ಕಂಡುಹಿಡಿದವಳು ನೀಲತ್ತೆ, ಅಪ್ಪಾಜಿಯ ತಂಗಿ. ಅವಳನ್ನು ಅರಕಲಗೂಡಿಗೆ ಕೊಟ್ಟಿದ್ದರು. ಮದುವೆಯಾದ ಮೂರನೆಯ ವರ್ಷ ಗಂಡ ಜ್ವರದಲ್ಲಿ ತೀರಿಕೊಂಡ. ತವರಿಗೆ ವಾಪಸು ಬಂದಾಗ ಅವಳಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ, ನಾನು ತೊಟ್ಟಿಲು ಬಿಟ್ಟು ಓಡಾಡುತ್ತಿದ್ದ ಕೂಸು. ನನಗೆ ಬುದ್ಧಿ ಬಂದಾಗಿನಿಂದ ಅವಳು ನಮ್ಮ ಮನೆಯಲ್ಲೇ ಇದ್ದಳು. ಹಣೆಯಲ್ಲಿ ವಿಭೂತಿ ಮಾತ್ರ, ಮುಂಗೈ ಖಾಲಿ. ಹೆಣ್ಣು ನೋಡುವವರೋ ಸೀಮಂತಕ್ಕೆ ಕರೆಯುವವರೋ ಬಂದರೆ ಅವಳು ಎದುರಿಗೆ ಬರುವಂತಿರಲಿಲ್ಲ. ಅಂಥ ದಿನಗಳಲ್ಲಿ ಅಜ್ಜಿ ಅವಳಿಗೆ ಥಾನುಗಳನ್ನು ಜೋಡಿಸುವ ಕೆಲಸ ಹೇಳುತ್ತಿದ್ದಳು. ನಮ್ಮದು ಬಂಧುಬಳಗ ಹೆಚ್ಚಿದ್ದ ಮನೆಯಾದ್ದರಿಂದ ಥಾನುಗಳು ಯಾವಾಗಲೂ ಅಚ್ಚುಕಟ್ಟಾಗಿ ಇರುತ್ತಿದ್ದವು. ನೀಲತ್ತೆ ಕತ್ತಲಲ್ಲಿ ಕೂತು ಗೋಡೆಯ ಮೇಲೆ ಊರು ನಡೆಯುವುದನ್ನು ನೋಡುತ್ತಿದ್ದಳು. ಎಷ್ಟು ದಿನ ಒಬ್ಬಳೇ ನೋಡಿದಳೋ ಗೊತ್ತಿಲ್ಲ. ಒಂದು ದಿನ ನಮ್ಮಿಬ್ಬರನ್ನೂ ಒಳಗೆ ಕರೆದು ಕದ ಹಾಕಿದಳು.

ಮನೆಯ ಒಳಗಿನ ಆಡಳಿತವೆಲ್ಲ ಅಜ್ಜಿಯದು. ಊಟದ ಹೊತ್ತಿಗೆ ಒಲೆಯ ಪಕ್ಕದ ಮಣೆಯ ಮೇಲೆ ಕೂತು, ಯಾರು ಎಷ್ಟು ತಿಂದರು ಎಂಬುದನ್ನು ಕಣ್ಣಲ್ಲೇ ಅಳೆಯುತ್ತಿದ್ದಳು. ಅಮ್ಮ ಬಡಿಸುವಳು, ಅಜ್ಜಿ ನೋಡುವಳು. ನೀಲತ್ತೆಯ ತಟ್ಟೆಯ ಮೇಲೆ ಅವಳ ಕಣ್ಣು ಇನ್ನೂ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಿತ್ತು. ನೀಲತ್ತೆ ಕಾಲು ಮುದ್ದೆ ಬಿಟ್ಟರೂ ಗದರಿಸುತ್ತಿದ್ದಳು. ತವರಿಗೆ ಬಂದು ಕೂತ ಮಗಳ ಮೇಲೆ ಅಜ್ಜಿಗೆ ಸಿಟ್ಟು ಎಂದೇ ನಾನು ತಿಳಿದುಕೊಂಡಿದ್ದೆ.

ಹಿತ್ತಲಲ್ಲಿ, ಬಾವಿಗೂ ಕೊಟ್ಟಿಗೆಗೂ ನಡುವೆ, ನನ್ನ ಎತ್ತರದ ಒಂದು ಕಲ್ಲು ನಿಂತಿತ್ತು. ಅದರಲ್ಲಿ ಕೆಳಗಿನಿಂದ ಮೇಲಕ್ಕೆ ಮೂರು ಅಂಕಣ. ಕೆಳಗಿನ ಅಂಕಣದಲ್ಲಿ ಬಿಲ್ಲು ಹಿಡಿದ ಒಬ್ಬ ಗಂಡಸು, ಅವನ ಹಿಂದೆ ಸಾಲಾಗಿ ದನಗಳು. ನಡುವಿನದರಲ್ಲಿ ಇಬ್ಬರು ದೇವಕನ್ಯೆಯರು ಅವನನ್ನು ತೋಳು ಹಿಡಿದು ಮೇಲಕ್ಕೆ ಕರೆದೊಯ್ಯುತ್ತಿದ್ದರು. ಮೇಲಿನದರಲ್ಲಿ ಲಿಂಗದ ಮುಂದೆ ಅವನು ಕೈಮುಗಿದು ಕೂತಿದ್ದ. ಪಕ್ಕದಲ್ಲಿ ಮೊಣಕೈ ಮಡಿಸಿ ಮೇಲೆತ್ತಿದ ಹೆಣ್ಣಿನ ಒಂದು ಕೈ, ಕೈತುಂಬ ಬಳೆ. ಬರೀ ಕೈ, ಮೈಯಿಲ್ಲ. ಅಂಕಣಗಳ ನಡುವಿನ ಪಟ್ಟಿಯಲ್ಲಿ ಸವೆದ ಅಕ್ಷರಗಳಿದ್ದವು. ಅಜ್ಜಿಗೆ ಆ ಕಲ್ಲು ಮಾಸ್ತಮ್ಮ, ಗಂಡನ ಚಿತೆ ಏರಿ ದೇವರಾದವಳು. ಸೋಮವಾರ ಅದಕ್ಕೆ ನೀರು ಹಾಕಿ, ವಿಭೂತಿ ಬಳಿದು, ಒಂದು ಹೂವಿಟ್ಟು ಬರುತ್ತಿದ್ದಳು. ನಮ್ಮವರು ಸತ್ತವರನ್ನು ಹೂಳುವ ಜನ. ಬೆಂಕಿಗೆ ಬಿದ್ದವಳಿಗೆ ನಮ್ಮ ಮನೆಯಲ್ಲಿ ಪೂಜೆ ಯಾಕೆ ಎಂದು ಮಠದ ಅಯ್ಯನವರು ಒಮ್ಮೆ ಕೇಳಿದ್ದರಂತೆ. ಕಲ್ಲು ನಮಗಿಂತ ಮೊದಲೇ ಇಲ್ಲಿತ್ತು, ನಾವೇ ಅವಳ ಜಾಗಕ್ಕೆ ಬಂದವರು ಎಂದು ಅಜ್ಜಿ ಉತ್ತರ ಕೊಟ್ಟಳಂತೆ.

ಮಿಡ್ಲ್ ಸ್ಕೂಲಿನಲ್ಲಿ ಕನ್ನಡ ಹೇಳುತ್ತಿದ್ದ ಒಬ್ಬ ಮೇಷ್ಟ್ರು ರುದ್ರಪಟ್ಟಣದವರು. ಸದಾ ಮೂಗಿನಲ್ಲೇ ಏನಾದರೊಂದು ರಾಗ ಗುನುಗುತ್ತಿದ್ದರು. ಹಳೆಯ ಕಲ್ಲುಗಳ ಹುಚ್ಚು ಅವರಿಗೆ. ಅಂಗಡಿಗೆ ಪಂಚೆ ಕೊಳ್ಳಲು ಬಂದವರು ಅಪ್ಪಾಜಿಯ ಬಾಯಿಂದ ಕಲ್ಲಿನ ವಿಷಯ ಕೇಳಿ ಹಿತ್ತಲಿಗೇ ಬಂದುಬಿಟ್ಟರು. ತೆಂಗಿನ ನಾರಿನಿಂದ ಅಕ್ಷರಗಳನ್ನು ತಿಕ್ಕಿ ತೊಳೆದು, ಒದ್ದೆ ಕಾಗದ ಒತ್ತಿ, ಮಸಿ ತಟ್ಟಿ ಎರಡು ಭಾನುವಾರ ಕೂತರು. ನಾವು ಸುತ್ತ ನಿಂತಿದ್ದೆವು. ನೀಲತ್ತೆ ಕೊಟ್ಟಿಗೆಯ ಬಾಗಿಲಲ್ಲಿ ಸೆಗಣಿ ಬುಟ್ಟಿ ಹಿಡಿದುಕೊಂಡು ನಿಂತೇ ಇದ್ದಳು. ಕಲ್ಲಿಗೆ ಸಾವಿರ ವರ್ಷದ ಹತ್ತಿರ ಆಗಿರಬಹುದು, ಗಂಗರ ಕೊನೆಗಾಲವೋ ಅದಕ್ಕೂ ಸ್ವಲ್ಪ ಈಚೆಯದೋ ಖಂಡಿತವಾಗಿ ಹೇಳಲಾರೆ ಎಂದರು. ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋದರು. ಇವನು ಬೆನ್ನಟ್ಟಿ ಹೋಗಿ, ಹೊಡೆದಾಡಿ, ದನಗಳನ್ನು ಬಿಡಿಸಿ ತಾನು ಸತ್ತ. ಅದಕ್ಕಾಗಿ ಅವನ ಮನೆಯವರಿಗೆ ಭೂಮಿ ಬಿಟ್ಟುಕೊಟ್ಟರು. ಇಷ್ಟು ಅಕ್ಷರಗಳಲ್ಲಿತ್ತು. ಅವನ ಹೆಸರಿರುವ ಜಾಗದಲ್ಲೇ ಕಲ್ಲು ಚಕ್ಕೆ ಎದ್ದಿತ್ತು.

ನೀಲತ್ತೆ ಬಾಗಿಲಿಂದಲೇ ಕೇಳಿದಳು.

"ಹೆಂಗಸಿನ ವಿಷಯ ಏನು ಬರ್ದದೆ ಮೇಷ್ಟ್ರೇ?"

"ಬರೆದಿಲ್ಲ ತಾಯಿ. ಕೈ ಮಾತ್ರ ಇದೆ."

ಅಲ್ಲಿಂದ ಶುರುವಾಯಿತು. ಅರಕಲಗೂಡಿನಲ್ಲಿದ್ದಾಗ ಗಂಡನ ಮನೆಯ ಮುಂದೆ ತೊಗಲುಬೊಂಬೆಯವರು ಆಡಿದ್ದನ್ನು ನೀಲತ್ತೆ ಕಂಡಿದ್ದಳು. ನಮ್ಮಲ್ಲಿ ತೊಗಲಿಲ್ಲ, ರಟ್ಟಿತ್ತು. ಗಿರಣಿಯ ಬಟ್ಟೆಯನ್ನು ದಪ್ಪ ರಟ್ಟಿಗೆ ಸುತ್ತಿ ಕಳಿಸುತ್ತಿದ್ದರು. ಥಾನು ಮುಗಿದ ಮೇಲೆ ಉಳಿದ ರಟ್ಟನ್ನು ಅಮ್ಮ ಒಲೆ ಹೊತ್ತಿಸಲು ಇಟ್ಟುಕೊಳ್ಳುತ್ತಿದ್ದಳು. ನೀಲತ್ತೆ ಅದನ್ನು ಕೇಳಿ ತೆಗೆದುಕೊಂಡು, ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕೈಯಾಡಿಸಿ ಅಳತೆ ನೋಡಿ, ಅಂಗಡಿಯ ಕತ್ತರಿಯಲ್ಲಿ ಆ ಗಂಡಸನ್ನು ಕತ್ತರಿಸಿದಳು. ತೋಳು, ಮೊಣಕೈ, ತೊಡೆ, ಮೊಣಕಾಲು ಬೇರೆ ಬೇರೆ. ಕೀಲಿರುವಲ್ಲಿ ದಾರದ ಗಂಟು, ಆಡಿಸಲು ತೆಂಗಿನ ಗರಿಯ ಕಡ್ಡಿ. ದನಗಳಿಗೆ ಅವಳು ಹೂಡಿದ ಉಪಾಯವನ್ನು ಜವಳಿಯವರ ಮನೆಯ ಹೆಣ್ಣಷ್ಟೇ ಯೋಚಿಸಬಲ್ಲಳು. ತೆಳ್ಳನೆಯ ಮಲ್ಲು ಬಟ್ಟೆಯ ಉದ್ದನೆಯ ಪಟ್ಟಿಗೆ ಕಾಗದದ ದನಗಳನ್ನು ಅಂಟಿಸಿ, ಒಂದೊಂದರ ಕಾಲನ್ನೂ ಬೇರೆ ಬೇರೆ ರೀತಿ ಇಟ್ಟು, ಪಟ್ಟಿಯ ಎರಡು ತುದಿಗಳನ್ನು ಎರಡು ಮರದ ಕೋಲಿಗೆ ಸುತ್ತಿದಳು. ಒಂದು ಕೋಲನ್ನು ತಿರುಗಿಸಿದರೆ ಇನ್ನೊಂದರಿಂದ ಬಟ್ಟೆ ಬಿಚ್ಚಿಕೊಳ್ಳುತ್ತಿತ್ತು. ಬೆಳಕಿನ ಮುಂದೆ ಅದನ್ನು ಸರಸರನೆ ಎಳೆದರೆ ದನಗಳು ಓಡುತ್ತಿದ್ದವು.

ಬೆಳಕಿಗೆ ಅಮ್ಮನ ಕನ್ನಡಿ. ಹಿತ್ತಲು ಮನೆಯ ಇನ್ನೊಂದು ಮಗ್ಗುಲಿಗೂ ಚಾಚಿತ್ತು, ಆ ಕಡೆಗೆ ಕೋಣೆಗೊಂದು ಚಿಕ್ಕ ಕಿಂಡಿ ಇತ್ತು, ಮಿಕ್ಕ ಹೊತ್ತು ಹಲಗೆ ಮುಚ್ಚಿರುತ್ತಿತ್ತು. ಅಡುಗೆ ಮುಗಿದ ಮೇಲೆ ಅಮ್ಮ ಹಿತ್ತಲಲ್ಲಿ ನಿಂತು ಬಿಸಿಲಿಗೆ ಕನ್ನಡಿ ಹಿಡಿದರೆ ಬೆಳಕಿನ ಕಂಬವೊಂದು ಕಿಂಡಿಯ ಮೂಲಕ ಒಳಗೆ ಬಂದು, ಕಟ್ಟಿದ್ದ ಬಿಳಿ ಪಂಚೆಯ ಮೇಲೆ ಬೀಳುತ್ತಿತ್ತು. ಅಮ್ಮನಿಗೆ ಇದು ಬಹಳ ಇಷ್ಟದ ಕೆಲಸ. ಅತ್ತೆಯ ಕಣ್ಣಳತೆಯ ಹೊರಗೆ ಸೊಸೆಗೆ ಸಿಗುತ್ತಿದ್ದ ಹೊತ್ತು ಅಷ್ಟೇ. ಆಟ ಭಾನುವಾರದ ನಡು ಹಗಲಿನಲ್ಲಿ ಮಾತ್ರ, ಮೋಡ ಬಂದರೆ ಅದೂ ಇಲ್ಲ. ನಾನು ಪಟ್ಟಿ ಸುತ್ತುತ್ತಿದ್ದೆ, ಮಹದೇವ ದನಗಳ ಹಾಗೆ ಅರಚುತ್ತಿದ್ದ. ಪೇಟೆಬೀದಿಯ ಮಕ್ಕಳು ಥಾನುಗಳ ನಡುವೆ ಒತ್ತಿಕೊಂಡು ಕೂರುತ್ತಿದ್ದರು. ರಾಜರ ಕಾಲ ಎಂದರೆ ಅದುವರೆಗೆ ನಮಗೆ ಪಾಠದ ಪುಸ್ತಕದಲ್ಲಿ ಬಾಯಿಪಾಠ ಮಾಡುವ ಹೆಸರುಗಳ ಸಾಲು. ಅವತ್ತು ಮೊದಲ ಸಲ, ನಮ್ಮ ಬಾವಿಯ ಪಕ್ಕದಲ್ಲೇ ಯಾರೋ ಬದುಕಿದ್ದರು, ಅವರಿಗೂ ದನ ಕಳೆದುಹೋಗುವ ಭಯವಿತ್ತು ಎಂದು ತಿಳಿಯಿತು. ಆಟ ಮುಗಿದ ಮೇಲೆ ಮಕ್ಕಳೆಲ್ಲ ಹಿತ್ತಲಿಗೆ ಓಡಿ ಕಲ್ಲನ್ನು ಮುಟ್ಟಿ ನೋಡುತ್ತಿದ್ದರು. ಅಜ್ಜಿಯೂ ಒಮ್ಮೆ ಬಾಗಿಲಲ್ಲಿ ನಿಂತು ನೋಡಿ, "ದನ ಚೆಂದಾಗಿ ಓಡ್ತವೆ" ಎಂದು ಹೇಳಿ ಹೋದಳು.

ಆಟ ಆ ಗಂಡಸು ಮೇಲಕ್ಕೆ ಹೋಗುವಲ್ಲಿಗೆ ಮುಗಿಯುತ್ತಿತ್ತು. ಆ ಕೈ ಎಲ್ಲಿ ಎಂದು ಮೊದಲು ಕೇಳಿದವನು ಮಹದೇವ. ಕಲ್ಲಿನಲ್ಲಿರುವುದೆಲ್ಲ ಬಂತು, ಕೈ ಬರಲಿಲ್ಲ ಎಂದು ಅವನ ತಕರಾರು. ನೀಲತ್ತೆ ಬಳೆಗಳ ಗೀರು ಸಮೇತ ಕೈಯನ್ನೂ ಕತ್ತರಿಸಿದಳು. ಆದರೆ ಕತ್ತರಿಸಿ, ಕಡ್ಡಿ ಕಟ್ಟಿ, ಎಷ್ಟೋ ದಿನ ಸುಮ್ಮನೆ ಇಟ್ಟುಕೊಂಡಳು.

"ಕಲ್ಲಾದ್ರೆ ಕೈ ಎತ್ತಿ ನಿಲ್ಸಿ ಸುಮ್ನಾಗ್ಬೋದು. ನಾನು ಆಡಿಸ್ಬೇಕು. ಆ ಕೈ ಏನ್ ಮಾಡ್ತಾ ಇತ್ತು ಅಂತ ಗೊತ್ತಿಲ್ದೆ ಎಂಗೆ ಆಡಿಸ್ಲಿ?"

ಮೊನ್ನೆ ಮೊಮ್ಮಗಳು ಟೀವಿಯಲ್ಲಿ ಹಳೆಯ ರಾಜರ ಕಾಲದ ಬೊಂಬೆಚಿತ್ರ ನೋಡುತ್ತಿದ್ದಳು. ಕುದುರೆಯ ಬಾಲದಿಂದ ಹಿಡಿದು ರಾಣಿಯ ರೆಪ್ಪೆಯವರೆಗೆ ಎಲ್ಲವೂ ಅಲುಗುತ್ತಿತ್ತು. ನನಗೆ ನೀಲತ್ತೆಯ ಈ ಮಾತು ನೆನಪಾಯಿತು. ಅಲುಗಿಸಿದ್ದಕ್ಕೆಲ್ಲ ಯಾರೋ ಒಬ್ಬರು ಕೂತು, ಇದು ಹೀಗೇ ನಡೆಯಿತು ಎಂದು ತೀರ್ಮಾನ ಮಾಡಿರಬೇಕಲ್ಲ. ನೀಲತ್ತೆಗೆ ಆ ತೀರ್ಮಾನ ಸುಲಭವಾಗಲಿಲ್ಲ.

ಕಡೆಗೊಂದು ದಿನ ಅವಳು ನನಗೆ ಹೇಳಿದಳು. ಆ ಹೆಂಗಸು ಕೈ ಎತ್ತಿದ್ದು ದನಗಳನ್ನು ಕರೆಯುವುದಕ್ಕೆ. ಗಂಡ ಸತ್ತ ಸುದ್ದಿ ಬಂತು, ಹಿಂದೆಯೇ ದನಗಳು ಬಂದವು. ಅವಳು ಊರಬಾಗಿಲಲ್ಲಿ ನಿಂತು ಕೈ ಎತ್ತಿ ಹೋ ಎಂದು ಕರೆದಳು, ಅವು ಅವಳ ಹಿಂದೆ ಬಂದವು. ಅವಳು ಕರು ಬಿಟ್ಟು ಹಾಲು ಕರೆದಳು. ಕೊಟ್ಟ ಭೂಮಿಯನ್ನು ಉಳಿಸಿದಳು. ನನಗೆ ಈ ಕೊನೆ ಎಷ್ಟು ಹಿಡಿಸಿತೆಂದರೆ, ಭಾನುವಾರದವರೆಗೆ ತಡೆಯಲಾಗದೆ, ಅಜ್ಜಿ ಬತ್ತಿ ಹೊಸೆಯುತ್ತಾ ಕೂತಿದ್ದಾಗ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಅಜ್ಜಿ ಕೇಳಿಸಿಕೊಂಡಳು. ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ.

ಆ ಭಾನುವಾರ ಕೋಣೆ ತುಂಬಿತ್ತು. ದನ ಓಡಿದವು, ಗಂಡಸು ಬಿದ್ದ, ಮೇಲಕ್ಕೆ ಹೋದ. ನೀಲತ್ತೆ ಬಳೆಯ ಕೈಯನ್ನು ಪಂಚೆಯ ಮೇಲೆ ತಂದು, ಮೆಲ್ಲಗೆ ಮೇಲೆತ್ತಿ, ಬೀಸತೊಡಗಿದಳು. ಮಹದೇವ "ಹೋ" ಎಂದು ಕರೆದ. ಅಷ್ಟರಲ್ಲಿ ಬೆಳಕು ಹೋಯಿತು. ಮೋಡವೆಂದುಕೊಂಡು ಕಿಂಡಿಯಲ್ಲಿ ಇಣುಕಿದೆ. ಹಿತ್ತಲಲ್ಲಿ ಬಿಸಿಲು ಹಾಗೇ ಇತ್ತು. ಅಜ್ಜಿ ಅಮ್ಮನ ಕೈಯಿಂದ ಕನ್ನಡಿ ತೆಗೆದುಕೊಂಡು ಬಾವಿಕಟ್ಟೆಯ ಮೇಲೆ ಮಗುಚಿ ಇಟ್ಟಿದ್ದಳು. ಅಮ್ಮ ಖಾಲಿ ಕೈಯಲ್ಲಿ ನಿಂತಿದ್ದಳು.

ಮಕ್ಕಳನ್ನು ಕಳಿಸಿ ನೀಲತ್ತೆ ಅಡುಗೆಮನೆಗೆ ಹೋದಳು. ನಾನು ಹಿಂದೆಯೇ ಹೋದೆ.

"ಕನ್ನಡಿ ಯಾಕವ್ವಾ ಮಗುಚ್ದೆ?"

"ಮಕ್ಕಳ ಮುಂದೆ ಸುಳ್ಳು ಏಳ್ತೀಯಲ್ಲ, ಅದಕ್ಕೆ."

"ಸುಳ್ಳು ಅಂತ ನಿಂಗೆಂಗೆ ಗೊತ್ತು?"

"ನಮ್ಮತ್ತೆ ಏಳಿದ್ರು. ಅವ್ರಿಗೆ ಅವ್ರತ್ತೆ ಏಳಿದ್ರು. ಬೆಂಕಿ ಒಳಗಿಂದ ಕೈ ಎತ್ತಿ, ಒಳ್ಳೇದಾಗ್ಲಿ ಅಂತ ಅರಸಿದ್ಲು ಕಣೆ ಅವ್ಳು. ಅದಕ್ಕೇ ದ್ಯಾವ್ರಾದ್ಲು. ಸೆಗಣಿ ಬಾಚ್ಕಂಡು ಮನೇಲಿದ್ದೋಳಿಗೆ ಯಾರು ಕೈ ಮುಗೀತಾರೆ?"

ನೀಲತ್ತೆ ದನಿ ಏರಿಸಲಿಲ್ಲ.

"ನಾನೂ ಸೆಗಣಿ ಬಾಚ್ಕಂಡೇ ಇವ್ನಿ. ನಾನು ಬದುಕಿರೋದು ತಪ್ಪಾ ಅವ್ವಾ?"

ಒಲೆಯಲ್ಲಿದ್ದ ಹುರುಳಿಸಾರು ಉಕ್ಕಿ ಕೆಂಡದ ಮೇಲೆ ಚುಂಯ್ ಎಂದಿತು. ಅಮ್ಮ ಬಂದು ಅದನ್ನು ಇಳಿಸಿದಳು. ಅಜ್ಜಿ ಎದ್ದು ಹೊರಗೆ ಹೋದಳು. ಆವತ್ತು ನೀಲತ್ತೆ ಊಟ ಮಾಡಲಿಲ್ಲ. ಅಜ್ಜಿಯೂ ಮಾಡಲಿಲ್ಲ. ಬೊಂಬೆಗಳೂ ಪಟ್ಟಿಯೂ ಒಂದು ಗಂಟಿನಲ್ಲಿ ಅಟ್ಟ ಸೇರಿದವು. ಅಜ್ಜಿಗೆ ಹೇಳಿದವಳು ನಾನು ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಎರಡು ದಿನ ಬಿಟ್ಟು ನೀಲತ್ತೆಯ ಮುಂದೆ ಅತ್ತುಬಿಟ್ಟೆ. ಅವಳು ನನ್ನ ತಲೆ ಬಾಚುತ್ತಿದ್ದಳು.

"ನೀನೇನ್ ಕದ್ದು ಏಳ್ಲಿಲ್ಲವಲ್ಲ. ನಾನೇ ಮೊದ್ಲು ಏಳ್ಬೇಕಿತ್ತು ಅವ್ವಂಗೆ," ಎಂದು ಜಡೆಯನ್ನು ಬಿಗಿಯಾಗಿ ಎಳೆದಳು.

ಆಮೇಲೆ ಹಲವು ವಾರ ಮನೆಯಲ್ಲಿ ಎಲ್ಲ ಕೆಲಸ ನಡೆಯಿತು, ಮಾತು ಮಾತ್ರ ಕಡಿಮೆಯಾಯಿತು. ಅಜ್ಜಿಗೆ ಬೇಕಾದ್ದನ್ನು ನೀಲತ್ತೆ ಅಮ್ಮನಿಗೆ ಕೊಡುತ್ತಿದ್ದಳು, ಅಮ್ಮ ಅಜ್ಜಿಗೆ ಕೊಡುತ್ತಿದ್ದಳು. ಅಪ್ಪಾಜಿ ಅಂಗಡಿಯಿಂದ ತಡವಾಗಿ ಒಳಗೆ ಬರುತ್ತಿದ್ದರು. ಹೀಗಿರುವಾಗ ರುದ್ರಪಟ್ಟಣದ ಮೇಷ್ಟ್ರು ಬಂದರು. ಮಕ್ಕಳಿಂದ ಆಟದ ವಿಷಯ ತಿಳಿದಿತ್ತು. ಅದನ್ನು ಸ್ಕೂಲಿನಲ್ಲಿ ಎಲ್ಲ ಕ್ಲಾಸಿಗೂ ತೋರಿಸಬೇಕು, ಪುಸ್ತಕದಲ್ಲಿ ಒಂದು ವರ್ಷ ಹೇಳಿದರೂ ತಲೆಗೆ ಹೋಗದ್ದು ಅರ್ಧ ಗಂಟೆಯಲ್ಲಿ ಹೋಗುತ್ತದೆ ಎಂದರು. ಅಪ್ಪಾಜಿ ಪಡಸಾಲೆಯಲ್ಲಿ ಕೂತು, ಅಜ್ಜಿಯನ್ನೂ ನೀಲತ್ತೆಯನ್ನೂ ಕರೆದರು. ಅವರು ತಾಯಿಗೆ ಎದುರಾಡುವವರಲ್ಲ. ಆವತ್ತು ಮಾತ್ರ ಮೇಷ್ಟ್ರ ಕಡೆ ತಿರುಗಿ ನೇರವಾಗಿ ಕೇಳಿದರು.

"ಆ ಕೈ ಏನು ಮೇಷ್ಟ್ರೇ? ನಮ್ಮವ್ವ ಒಂದು ಏಳ್ತಾರೆ, ನಮ್ ನೀಲ ಒಂದು ಏಳ್ತಾಳೆ. ನೀವು ಓದಿದೋರು."

ಮೇಷ್ಟ್ರು ಗುನುಗುವುದನ್ನು ನಿಲ್ಲಿಸಿದರು.

"ಯಜಮಾನ್ರೇ, ಇಂಥ ಕೈ ಬೇರೆ ಕಡೆಯೂ ನೋಡಿದೀನಿ. ಸಾಮಾನ್ಯವಾಗಿ ಅದು ಗಂಡನ ಜೊತೆ ಹೋದವಳ ಗುರುತೇ. ಅಮ್ಮನವರು ಹೇಳೋದೇ ಸರಿ ಇರಬೇಕು. ಆದ್ರೆ ಅವಳು ತಾನಾಗಿ ಹೋದಳೋ, ಕಳಿಸಿದರೋ, ಮನೇಲಿ ಯಾರನ್ನ ಬಿಟ್ಟು ಹೋದಳೋ, ಅದನ್ನ ಯಾರೂ ಬರೆದಿಲ್ಲ."

ನೀಲತ್ತೆಯ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಮೇಷ್ಟ್ರು ಅವಳ ಪರವಾಗಿ ಹೇಳುತ್ತಾರೆ ಎಂದು ನಾನು ನಂಬಿದ್ದೆ. ಅಜ್ಜಿಗೆ ಗೆದ್ದ ಸಂತೋಷವಾಗಬೇಕಿತ್ತು, ಅವಳೂ ತಲೆ ತಗ್ಗಿಸಿಯೇ ಕೂತಿದ್ದಳು. ಸ್ಕೂಲಿಗೆ ಹೋಗುವುದು ಬಿಡುವುದು ನೀಲಂಗೆ ಬಿಟ್ಟಿದ್ದು ಎಂದು ಅಪ್ಪಾಜಿ ಹೇಳಿ ಎದ್ದರು.

ಮಾರನೆಯ ದಿನ ಮಧ್ಯಾಹ್ನ ನೀಲತ್ತೆ ಥಾನಿನ ಕೋಣೆಯಲ್ಲಿದ್ದಳು. ನಾನು ಥಾನುಗಳ ಹಿಂದೆ ಒರಗಿಕೊಂಡು ಗೋಡೆಯ ಮೇಲಿನ ಓಣಿ ನೋಡುತ್ತಿದ್ದೆ. ಅಜ್ಜಿ ಬಂದು, ಕತ್ತಲಿಗೆ ಕಣ್ಣು ಹೊಂದದೆ ತಡವರಿಸಿ, ನೀಲತ್ತೆಯ ಎದುರಿಗೆ ಕೂತಳು. ನಾನಿದ್ದದ್ದು ಅವಳಿಗೆ ಕಾಣಲಿಲ್ಲ.

"ಅರಕಲಗೂಡಿಂದ ಬಂದಾಗ ಒಂದು ತಿಂಗ್ಳು ನೀನು ಅನ್ನ ಮುಟ್ನಿಲ್ಲ. ಗ್ಯಾಪ್ಕ ಐತಾ?"

"ಒಸಿ ಐತೆ."

"ನಿಮ್ಮಣ್ಣ ಹಾಸನದಿಂದ ಡಾಕ್ಟ್ರನ್ನ ಕರ್ಕಬಂದ. ಕಾಯಿಲೆ ಏನೂ ಇಲ್ಲ, ತಿನ್ನೋ ಮನಸಿಲ್ಲ ಅಷ್ಟೆ ಅಂದ್ರು ಡಾಕ್ಟ್ರು. ಐನೋರು ಬಂದು ಇಬೂತಿ ಕೊಟ್ರು. ಯಾವ್ದಕ್ಕೂ ನೀನು ಕಣ್ ಬಿಡ್ನಿಲ್ಲ. ಆಗ ನಾನು ಯಾರಿಗೂ ಏಳ್ದೆ ಇತ್ಲಿಗೆ ಓಗಿ ಆ ಕಲ್ಲಿನ ಮುಂದೆ ಕೂತ್ಕಂಡೆ. ಬೆಳಿಗ್ಗೆಯಿಂದ ಮಧ್ಯಾನ್ದಗಂಟ."

"ಏನಂತ ಬೇಡ್ಕಂಡೆ?"

"ನೀನು ಓಗ್ಬುಟ್ಟೆ, ಆಯ್ತು. ನಿನ್ನ ಬ್ಯಾಡ ಅಂತ ತಡೆಯೋರು ಯಾರೂ ಇರ್ನಿಲ್ವೇನೋ. ನನ್ ಮಗಳಿಗೆ ನಾನಿವ್ನಿ. ಅವ್ಳನ್ನ ಬುಟ್ಬುಡು ಅಂದೆ."

ಓಣಿಯಲ್ಲಿ ಯಾರೋ ಹಾದುಹೋದರು. ಗೋಡೆಯ ಮೇಲೆ ತಲೆಕೆಳಗಾದ ಛತ್ರಿಯೊಂದು ಹೋಯಿತು.

"ಅವತ್ತು ಸಂಜೆ ನೀನು ಮಜ್ಜಿಗೆ ಕೇಳ್ದೆ," ಎಂದಳು ಅಜ್ಜಿ. "ಆ ಉರಿ ಎಂಗಿರ್ತದೆ ಅಂತ ಅವ್ಳಿಗೇ ತಾನೆ ಗೊತ್ತಿರೋದು. ಅದಕ್ಕೇ ಅವ್ಳನ್ನೇ ಕೇಳ್ದೆ. ಈಗ ಅವ್ಳು ಬೆಂಕಿಗೇ ಓಗ್ನಿಲ್ಲ ಅಂತ ನೀನಂದ್ರೆ, ನಾನು ಬೇಡ್ಕಂಡಿದ್ದು ಯಾರತ್ರ ಏಳು."

ನೀಲತ್ತೆ ಅಜ್ಜಿಯ ಹತ್ತಿರ ಸರಿದು ಕೂತದ್ದು ಬಟ್ಟೆಯ ಸರಪರ ಸದ್ದಿನಲ್ಲಿ ತಿಳಿಯಿತು. ನನ್ನ ಕಾಲು ಜೋಮು ಹಿಡಿದಿತ್ತು, ಅಲುಗಲಿಲ್ಲ. ಅಜ್ಜಿ ತಟ್ಟೆಯನ್ನು ಅಳೆಯುತ್ತಿದ್ದುದು ಯಾಕೆಂದು ಅವತ್ತು ಅರ್ಥವಾಯಿತು. ಒಬ್ಬರ ನಡತೆಯನ್ನು ನೋಡಿ ಇಂಥದ್ದೇ ಕಾರಣ ಎಂದು ತಟಕ್ಕನೆ ಹೇಳುವ ಚಾಳಿ ನನಗೆ ಕಡಿಮೆಯಾದದ್ದು ಆ ಕೋಣೆಯಿಂದ ಎಂದು ಈಗ ಅನ್ನಿಸುತ್ತದೆ. ಗಂಟು ಅಟ್ಟದಿಂದ ಇಳಿಯಿತು. ನೀಲತ್ತೆ ಮತ್ತೆ ಕತ್ತರಿ ಹಿಡಿದಳು. ಈ ಸಲ ಏನು ಕತ್ತರಿಸುತ್ತಿದ್ದಾಳೆಂದು ನನಗೂ ತೋರಿಸಲಿಲ್ಲ.

ಸ್ಕೂಲಿನ ದೊಡ್ಡ ಕೋಣೆಯ ಕಿಟಕಿಗಳಿಗೆ ಗೋಣಿ ಕಟ್ಟಿದರು. ಒಂದನ್ನು ಮಾತ್ರ ಬೆಳಕಿಗೆ ಬಿಟ್ಟರು. ಅಮ್ಮ ಹೊರಗೆ ಕನ್ನಡಿ ಹಿಡಿದು ನಿಂತಳು. ಮಗಳೊಬ್ಬಳೇ ಗಂಡಸರಿರುವ ಕಡೆ ಹೋಗುವುದು ಬೇಡ ಎಂದು ಅಜ್ಜಿಯೂ ಬಂದು, ಹಿಂದಿನ ಬೆಂಚಿನಲ್ಲಿ ಸೆರಗು ಹೊದ್ದು ಕೂತಳು. ಕೂಸಾಗಿದ್ದಾಗಿನಿಂದ ನಾನು ನೋಡಿದಂತೆ ನೀಲತ್ತೆ ಅಷ್ಟು ಜನರ ಎದುರಿಗೆ ಬಂದದ್ದು ಅದೇ ಮೊದಲು. ಮೊದಲ ಎರಡು ನಿಮಿಷ ಆ ಗಂಡಸು ಪಂಚೆಯ ಅಂಚಿನಲ್ಲೇ ನಿಂತುಬಿಟ್ಟ. ದನಗಳು ಓಡತೊಡಗಿದ ಮೇಲೆ ಸರಿಹೋಯಿತು. ಅವನು ಬಿದ್ದ. ಮೇಲಕ್ಕೆ ಹೋದ. ಆಮೇಲೆ ನೀಲತ್ತೆ ಬೆಳಕಿನ ಮುಂದೆ ಕೆಂಪು ಮಲ್ಲು ಬಟ್ಟೆಯ ತುಂಡೊಂದನ್ನು ಇಳಿಬಿಟ್ಟಳು. ಪಂಚೆಯೆಲ್ಲ ಕೆಂಪಾಯಿತು. ಅದರೊಳಗಿಂದ ಬಳೆಯ ಕೈ ಮೇಲೆದ್ದಿತು. ಅದನ್ನು ಅವಳು ಆಡಿಸಲಿಲ್ಲ. ಎತ್ತಿ ಹಿಡಿದು, ಹಾಗೇ ನಿಲ್ಲಿಸಿದಳು.

ಕೆಂಪು ಬಟ್ಟೆ ತೆಗೆದಾಗ ಬಾಗಿಲು ತೆರೆದ ಒಂದು ಮನೆ ಇತ್ತು. ದನಗಳು ಬಂದು ಮನೆಯ ಮುಂದೆ ನಿಂತವು. ಹಾಲು ಕರೆಯುವವರಿಲ್ಲ. ಮಹದೇವ ಅಂಬಾ ಎಂದ, ಮತ್ತೆ ಮತ್ತೆ ಎಂದ. ಆಮೇಲೆ ಕಲ್ಲು ಬಂತು, ಕಲ್ಲಿನ ಸುತ್ತ ಹುಲ್ಲು ಬಂತು, ಪಟ್ಟಿ ನಿಧಾನವಾಗಿ ಸರಿಯುತ್ತಾ ಹೊಸ ಬೊಂಬೆಯೊಂದು ಬಂತು. ಬೆನ್ನು ಬಗ್ಗಿದ ಒಬ್ಬ ಮುದುಕಿ. ಅವಳು ಕಲ್ಲಿನ ಮುಂದೆ ಕೂತು ಎರಡೂ ಕೈ ಒಡ್ಡಿದಳು.

ಮುಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು.

"ಆ ಅಜ್ಜಿ ಯಾರು?"

ಪಂಚೆಯ ಹಿಂದಿನಿಂದ ನೀಲತ್ತೆ ಹೇಳಿದಳು.

"ಮಗಳನ್ನ ಕೇಳೋಕೆ ಬಂದವ್ಳು."

"ಕೊಟ್ಲಾ?"

"ಕೊಟ್ಲು."

ಹಿಂದಿನ ಬೆಂಚಿನ ಕಡೆ ನಾನು ತಿರುಗಲಿಲ್ಲ. ಆಟ ಮುಗಿದ ಮೇಲೆ ಮೇಷ್ಟ್ರು ಬಂದು, ಕೊನೆಯದು ಕಲ್ಲಿನಲ್ಲಿಲ್ಲವಲ್ಲ ತಾಯಿ ಎಂದರು. ಅದು ಕಲ್ಲಿನಲ್ಲಿಲ್ಲ, ನನಗೆ ಗೊತ್ತಿರುವುದು ಎಂದು ನೀಲತ್ತೆ ಹೇಳಿದಳು. ಮೇಷ್ಟ್ರು ತಲೆಯಾಡಿಸಿದರು. ಮನೆಗೆ ನಡೆಯುವಾಗ ಅಜ್ಜಿ ಎಲ್ಲರಿಗಿಂತ ಮುಂದೆ ಹೋದಳು. ಪೇಟೆಬೀದಿಯ ತಿರುವಿನಲ್ಲಿ ನಿಂತಳು.

"ನನ್ ಬೆನ್ನು ಅಷ್ಟೊಂದು ಬಗ್ಗೈತಾ?"

"ಬಗ್ಗೈತೆ ಅವ್ವಾ," ಎಂದಳು ನೀಲತ್ತೆ.

ಮೇಷ್ಟ್ರೇ ಮುಂದೆ ನಿಂತು ನೀಲತ್ತೆಗೆ ಪಾಠ ಹೇಳಿ ಪರೀಕ್ಷೆಗೆ ಕೂರಿಸಿದರು. ಮೊದಲ ಸಲ ಲೆಕ್ಕದಲ್ಲಿ ಹೋಯಿತು, ಎರಡನೆಯ ಸಲ ಪಾಸಾದಳು. ಟ್ರೈನಿಂಗ್ ಮುಗಿಸಿದ ಮೇಲೆ ಚನ್ನರಾಯಪಟ್ಟಣದ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಕೆಲಸವಾಯಿತು. ಬಂಧುಗಳಲ್ಲಿ ಕೆಲವರು ಮೂಗು ಮುರಿದರು. ಅಜ್ಜಿ ಅವರಿಗೆ ಕಾಫಿ ಕೊಡಿಸಿ, ಮಾತು ಬದಲಿಸಿ ಕಳಿಸುತ್ತಿದ್ದಳು. ಅಷ್ಟು ಹೊತ್ತಿಗೆ ಯುದ್ಧ ಬಂದು ಬಟ್ಟೆಗೆ ಕಂಟ್ರೋಲ್ ಆಗಿತ್ತು. ಥಾನಿನ ಕೋಣೆ ಅರ್ಧ ಖಾಲಿ, ರಟ್ಟು ಕಣ್ಣಿಗೆ ಕಾಣುತ್ತಿರಲಿಲ್ಲ. ಇದ್ದ ಬೊಂಬೆಗಳನ್ನೇ ತೇಪೆ ಹಾಕಿ ನೀಲತ್ತೆ ಚನ್ನರಾಯಪಟ್ಟಣದಲ್ಲಿ ಆಟ ನಡೆಸುತ್ತಿದ್ದಳು. ಹಿರೀಸಾವೆಯ ಕಡೆಯ ಸ್ಕೂಲಿನವರೂ ಬಂದು ಕರೆದೊಯ್ಯುತ್ತಿದ್ದರಂತೆ. ಅಲ್ಲಲ್ಲಿಯ ಹೊಲದ ಕಲ್ಲು, ಕೆರೆ ಏರಿಯ ಕಲ್ಲುಗಳನ್ನು ನೋಡಿ ಹೊಸ ಕಥೆಗಳನ್ನೂ ಕಟ್ಟಿದಳು. ಯಾವುದು ಕಲ್ಲಿನಲ್ಲಿದೆ, ಯಾವುದು ಜನ ಹೇಳಿದ್ದು, ಯಾವುದು ತಾನು ಸೇರಿಸಿದ್ದು ಎಂದು ಆಟದ ಕೊನೆಗೆ ಮಕ್ಕಳಿಗೆ ಬಿಡಿಸಿ ಹೇಳುತ್ತಿದ್ದಳು.

ಒಂದು ಬೇಸಿಗೆಯ ಮೊದಲಲ್ಲಿ ಅಜ್ಜಿ ಮಹದೇವನನ್ನು ಕರೆದುಕೊಂಡು ಬಸ್ಸಿನಲ್ಲಿ ಚನ್ನರಾಯಪಟ್ಟಣಕ್ಕೆ ಹೋದಳು. ನಾಲ್ಕು ದಿನಕ್ಕೆಂದು ಹೋದವಳು ಹದಿನೈದು ದಿನ ಇದ್ದು ಬಂದಳು. ಬಂದವಳು ಕಾಲು ತೊಳೆದು, ಅಮ್ಮ ಕೊಟ್ಟ ನೀರು ಕುಡಿದು, ಕಂಬಕ್ಕೆ ಒರಗಿ ಕೂತಳು.

"ಇಸ್ಕೂಲ್ ನೋಡಾಕೆ ಓಗಿದ್ದೆ ಕಣವ್ವಾ. ಮಕ್ಳೆಲ್ಲ ಬಾಗ್ಲಿಗೆ ಬಂದ್ವು. ಒಂದು ಪುಟ್ಟ ಎಣ್ಮಗ ನಮ್ ನೀಲನ್ನ ಕೇಳ್ತು, ಅಮ್ಮೋರೇ, ಮಗಳನ್ನ ಕೇಳಾಕೆ ಬಂದಿದ್ ಅಜ್ಜಿ ಇವ್ರೇನಾ ಅಂತ."

"ನೀಲ ಏನಂದ್ಲು?" ಎಂದು ಅಮ್ಮ ಕೇಳಿದಳು.

"ಊಂ ಅಂದ್ಲು. ಆ ಮಗ ಬಂದು ನನ್ ಸೆರಗು ಇಡ್ಕಂತು. ಈಗ ನಮ್ಮ ಅಮ್ಮೋರನ್ನ ವಾಪಸ್ ಕರ್ಕಂಡು ಓಗ್ಬುಡ್ತೀರಾ ಅಂತು."

"ನೀವೇನಂದ್ರಿ?"

ಅಜ್ಜಿ ಲೋಟವನ್ನು ಕೆಳಗಿಟ್ಟಳು.

"ಇಲ್ಲ ಕಣವ್ವಾ, ಇಲ್ಲೇ ಇರ್ಲಿ ಅಂದೆ."